ಫೋಟೊ ಮಸುಕು ಬರ್ತಿದೆಯಾ? ಕ್ಯಾಮೆರಾ ಬದಲಿಸುವ ಮೊದಲು ಇಷ್ಟು ನೋಡಿ

ಮಳೆಗಾಲ ಶುರುವಾಯಿತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೊಬೈಲ್ ರಿಪೇರಿ ಅಂಗಡಿಗಳಿಗೆ ಬರುವ ದೂರಿನ ಧಾಟಿಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ಬ್ಯಾಟರಿ, ಡಿಸ್‌ಪ್ಲೇ. ಜೂನ್ ಕಳೆದ ಮೇಲೆ ಚಾರ್ಜಿಂಗ್ ಪಿನ್ ಮತ್ತು ಕ್ಯಾಮೆರಾ. 'ಫೋಟೊ ಮಸುಕು ಬರ್ತದೆ', 'ಫೋಕಸ್ ಕೂರೋದೇ ಇಲ್ಲ', 'ಕ್ಯಾಮೆರಾ ಹೋಗಿದೆ, ಹೊಸದು ಹಾಕಿಕೊಡಿ.' ಶಿರಸಿಯಲ್ಲಿ ಇದೇ ಕೆಲಸ ಮಾಡುತ್ತಾ ಬಂದ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಹೀಗೆ ಬರುವ ಫೋನುಗಳಲ್ಲಿ ಕ್ಯಾಮೆರಾ ನಿಜವಾಗಿ ಕೆಟ್ಟಿರುವುದು ಕಡಿಮೆ. ಗಾಜಿನ ಮೇಲೆ ಜಿಡ್ಡು, ಒಳಗೆ ತೇವ, ಸಾಲದ ಬೆಳಕು, ತೀರಾ ಹತ್ತಿರ ಹಿಡಿಯುವುದು, ಇವೇ ಜಾಸ್ತಿ.

ಯಾವ ತೊಂದರೆ ಅನ್ನುವುದು ಮಸುಕಾದ ಫೋಟೊದಲ್ಲೇ ಇರುತ್ತದೆ. ಅದನ್ನು ಓದಲು ಬಂದರೆ ಸುಮ್ನೆ ಹೋಗುವ ಸಾವಿರಾರು ರೂಪಾಯಿ ಉಳಿಯುತ್ತದೆ. ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಮಗುವಿನ ಮೊದಲ ಹೆಜ್ಜೆ, ಅಜ್ಜ ಇದ್ದಾಗಿನ ಕೊನೆಯ ದೀಪಾವಳಿ, ಇವನ್ನೆಲ್ಲ ಇನ್ನೊಂದು ಸಲ ತೆಗೆಯಲು ಆಗುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಳಾದ ಫೋಟೊವನ್ನು ಅಳಿಸಬೇಡಿ, ದೊಡ್ಡದು ಮಾಡಿ ನೋಡಿ

ಗ್ಯಾಲರಿಯಲ್ಲಿ ಆ ಫೋಟೊ ತೆರೆದು ಎರಡು ಬೆರಳಿನಲ್ಲಿ ಹಿಗ್ಗಿಸಿ. ಇಡೀ ಫೋಟೊದ ಮೇಲೆ ತೆಳು ಹಾಲು ಚೆಲ್ಲಿದ ಹಾಗೆ ಇದೆಯಾ? ಬಲ್ಬು, ದೀಪ, ಬೈಕಿನ ಹೆಡ್‌ಲೈಟಿನ ಸುತ್ತ ಬೆಳಕು ಹರಡಿ ಉದ್ದುದ್ದ ಗೆರೆ ಎಳೆದಿದೆಯಾ? ಹಾಗಿದ್ದರೆ ತೊಂದರೆ ಗಾಜಿನದ್ದು. ಹೊರಗಿನ ಜಿಡ್ಡು, ಇಲ್ಲವೇ ಒಳಗಿನ ಮಂಜು.

ಅಂಚುಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತೆ ಅಥವಾ ಎರಡೆರಡಾಗಿ ಕಂಡರೆ ಕೈ ಅಲುಗಿದೆ. ಹಿಂದಿನ ಗೋಡೆ ಸ್ಪಷ್ಟವಿದ್ದು ಮನುಷ್ಯ ಮಾತ್ರ ಕಲಸಿದಂತಿದ್ದರೆ ಅಲುಗಿದ್ದು ಎದುರಿನವರು. ಇವೆರಡೂ ಫೋಕಸ್ಸಿನ ತೊಂದರೆಯೇ ಅಲ್ಲ, ಬೆಳಕಿನ ತೊಂದರೆ.

ಮುಖ ಮಸುಕು, ಆದರೆ ಕಿವಿಯ ಹಿಂದಿನ ಬಾಳೆಗಿಡ ಚೂಪಾಗಿ ಬಂದಿದೆ ಅನ್ನಿ. ಕ್ಯಾಮೆರಾ ಸರಿಯಿದೆ, ಫೋಕಸ್ ಬೇರೆ ಕಡೆ ಕೂತಿದೆ ಅಷ್ಟೇ. ಫೋಟೊದ ಒಂದು ಬದಿ ಅಥವಾ ಒಂದು ಮೂಲೆ ಮಾತ್ರ ಯಾವಾಗಲೂ ಮಸುಕಾಗಿದ್ದರೆ ಫೋನ್ ಬಿದ್ದಾಗ ಲೆನ್ಸ್ ವಾಲಿರುವ ಸಾಧ್ಯತೆ ಇದೆ. ಇನ್ನು, ಸಣ್ಣದಾಗಿ ನೋಡಿದರೆ ಚೆಂದ, ಹಿಗ್ಗಿಸಿದರೆ ಕೂದಲು, ಹುಲ್ಲು ಎಲ್ಲ ಒಂದಕ್ಕೊಂದು ಅಂಟಿಕೊಂಡು ಬಣ್ಣ ಬಳಿದ ಹಾಗಿದ್ದರೆ ಅದು ಸಾಫ್ಟ್‌ವೇರ್ ಮಾಡಿದ ಕೆಲಸ, ಇಲ್ಲವೇ ಜೂಮ್ ಮಾಡಿದ್ದರ ಫಲ.

ಕ್ಯಾಲೆಂಡರ್ ಪರೀಕ್ಷೆ

ಹಳೆಯ ಫೋಟೊದಿಂದ ಅಂದಾಜು ಸಿಕ್ಕಿತು. ಈಗ ಖಚಿತ ಮಾಡಿಕೊಳ್ಳೋಣ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಗೋಡೆಗೆ ಒಂದು ಕ್ಯಾಲೆಂಡರ್ ಇರುತ್ತದೆ. ದಪ್ಪ ತಾರೀಖಿನ ಕೆಳಗೆ ತಿಥಿ, ನಕ್ಷತ್ರದ ಪುಟ್ಟ ಪುಟ್ಟ ಅಕ್ಷರ. ಫೋಕಸ್ ನೋಡಲು ಇದಕ್ಕಿಂತ ಒಳ್ಳೆಯ ವಸ್ತು ಬೇಡ. ಹಗಲು ಹೊತ್ತು ಅದನ್ನು ಜಗಲಿಗೆ ತಂದು ನೇತುಹಾಕಿ.

ಮೊದಲು ಫೋನಿನ ಕವರ್ ತೆಗೆಯಿರಿ. ಲೆನ್ಸಿನ ಮೇಲೆ ಟೆಂಪರ್ಡ್ ಗ್ಲಾಸ್ ಅಂಟಿಸಿದ್ದರೆ ಅದನ್ನೂ ತೆಗೆಯಿರಿ. ಗಾಜು ಒರೆಸಿ. ಕ್ಯಾಲೆಂಡರಿನಿಂದ ಒಂದು ಮಾರು ದೂರ ನಿಂತು, ಅಕ್ಷರದ ಮೇಲೆ ಬೆರಳಿಟ್ಟು ಫೋಕಸ್ ಮಾಡಿ ಒಂದು ಫೋಟೊ. ಆಮೇಲೆ ಒಂದು ಮೊಳ ದೂರದಿಂದ ಒಂದು. ಕೊನೆಗೆ ಅಂಗಳದಾಚೆಯ ತೆಂಗಿನ ಮರದ ತುದಿಯದು ಒಂದು. ಇದನ್ನೇ 1x ಅಂದರೆ ಮುಖ್ಯ ಕ್ಯಾಮೆರಾದಲ್ಲಿ, ಅಗಲ ನೋಟದ ವೈಡ್ ಇದ್ದರೆ 0.5xನಲ್ಲಿ, ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೊ ಇದ್ದರೆ ಅದರಲ್ಲೂ ಮಾಡಿ. ಸೆಲ್ಫಿ ಕ್ಯಾಮೆರಾದಲ್ಲಿ ನಿಮ್ಮ ಮುಖದ್ದು ಒಂದು ತೆಗೆದರೆ ಸಾಕು.

ಮೂರೂ ದೂರದಲ್ಲಿ ಅಕ್ಷರ, ಗರಿ ಚೂಪಾಗಿ ಬಂತಾ? ನಿಮ್ಮ ಕ್ಯಾಮೆರಾಕ್ಕೆ ಏನೂ ಆಗಿಲ್ಲ. 1xನಲ್ಲಿ ದೂರದ್ದು ಬಂತು, ಹತ್ತಿರದ್ದು ಬರಲಿಲ್ಲ, ಅಥವಾ ಇದರ ಉಲ್ಟಾ ಆಯಿತು ಅಂದರೆ ಲೆನ್ಸನ್ನು ಹಿಂದೆ ಮುಂದೆ ಸರಿಸುವ ಮೋಟಾರು ಒಂದು ಕಡೆ ಸಿಕ್ಕಿಕೊಂಡಿದೆ. ಯಾವ ದೂರದಲ್ಲೂ ಬರಲಿಲ್ಲವಾದರೆ ಗಾಜು ಅಥವಾ ಲೆನ್ಸ್. 1x ಹಾಳು, ಉಳಿದವು ಸರಿ ಎಂದಾದರೆ ಸಾಫ್ಟ್‌ವೇರನ್ನು ದೂರುವ ಅಗತ್ಯ ಕಡಿಮೆ, ಆ ಒಂದು ಕ್ಯಾಮೆರಾದ ಒಳಗೇ ಏನೋ ಆಗಿದೆ. ಎಲ್ಲವೂ ಒಟ್ಟಿಗೇ ಕೈಕೊಟ್ಟಿದ್ದರೆ ಮೊದಲು ಸಾಫ್ಟ್‌ವೇರ್ ಕಡೆ ನೋಡಿ.

ಒಂದು ಮಾತು ನೆನಪಿರಲಿ. ಸಾಧಾರಣ ಬೆಲೆಯ ಫೋನುಗಳಲ್ಲಿ ವೈಡ್ ಮತ್ತು ಸೆಲ್ಫಿ ಕ್ಯಾಮೆರಾಕ್ಕೆ ಹೆಚ್ಚಾಗಿ ಫೋಕಸ್ ಮೋಟಾರೇ ಇರುವುದಿಲ್ಲ. ಒಂದೇ ದೂರಕ್ಕೆ ಕೂರಿಸಿ ಬಿಟ್ಟಿರುತ್ತಾರೆ. ಅದರಲ್ಲಿ ಮೂಗಿನ ಹತ್ತಿರ ಹಿಡಿದದ್ದು ಮಸುಕು ಬಂದರೆ ಅದು ದೋಷ ಅಲ್ಲ.

ಗಾಜು: ಉಪ್ಪು, ಎಣ್ಣೆ, ಮೈಲುತುತ್ತ

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಂಜೆ ಗಾಳಿಗೆ ಸುಮ್ಮನೆ ಕೂತು ಬಂದರೂ ಕನ್ನಡಕದ ಮೇಲೆ ಒಂದು ಅಂಟಂಟು ಪದರ ಕೂರುತ್ತದೆ, ಅಲ್ವಾ? ಅಲೆ ಒಡೆದಾಗ ಹಾರುವ ಉಪ್ಪುನೀರಿನ ಸಣ್ಣ ಹನಿ ಅದು. ಫೋನಿನ ಲೆನ್ಸಿನ ಮೇಲೂ ಅದೇ ಕೂರುತ್ತದೆ. ನೀರು ಆರಿದ ಮೇಲೆ ಉಪ್ಪಿನ ಹರಳು ಉಳಿಯುತ್ತದೆ. ಅದರ ಮೇಲೆ ಬೆರಳಿನ ಜಿಡ್ಡು ಸೇರಿದರೆ ಕತೆ ಮುಗಿಯಿತು. ಮನೆಯ ಟ್ಯೂಬ್‌ಲೈಟು ಕೂಡ ನಕ್ಷತ್ರದ ಹಾಗೆ ಕಾಣುತ್ತದೆ.

ಘಟ್ಟದ ಮೇಲಿನವರಿಗೆ ಬೇರೆ ಕಾರಣ. ಅಡಿಗೆ ಮನೆಯ ತೆಂಗಿನೆಣ್ಣೆಯ ಕೈ, ಒಲೆಯ ಹೊಗೆ. ತೋಟಕ್ಕೆ ಮದ್ದು ಹೊಡೆಯುವ ದಿನಗಳಲ್ಲಿ ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ ಸೇರಿದ ಆ ನೀರು ಆರಿದರೆ ತಿಳಿ ನೀಲಿಯ ಪುಡಿಯಾಗಿ ಗಟ್ಟಿ ಹಿಡಿದುಕೊಳ್ಳುತ್ತದೆ. ಎಲೆಯ ಮೇಲೆ ಮಳೆಗೂ ತೊಳೆದು ಹೋಗಬಾರದು ಅಂತಲೇ ಅದನ್ನು ಮಾಡುವುದು. ಅಂಗಿಯ ಚುಂಗಿನಿಂದ ಒಣದಾಗಿಯೇ ಉಜ್ಜಿದರೆ ಹೋಗುವುದೂ ಇಲ್ಲ, ಸುಣ್ಣದ ಹರಳು ಗೀರು ಹಾಕುವ ಭಯ ಬೇರೆ.

ಒರೆಸುವ ಕ್ರಮ ಹೀಗಿರಲಿ. ಮೊದಲು ಊದಿ, ಮರಳಿನ ಕಣ ಹಾರಿಹೋಗಲಿ. ಕಡಲತೀರದಲ್ಲಂತೂ ಇದನ್ನು ಬಿಡಲೇಬೇಡಿ. ಮರಳು ಸಾಮಾನ್ಯ ಗಾಜಿಗಿಂತ ಗಟ್ಟಿ, ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಕನ್ನಡಕದ ಮೆತ್ತನೆಯ ಬಟ್ಟೆಯ ಮೂಲೆಯನ್ನು ಸಿಹಿನೀರಿನಲ್ಲಿ ಚೂರು ಒದ್ದೆ ಮಾಡಿ ಒತ್ತದೆ ಸುತ್ತ ತಿರುಗಿಸಿ. ಉಪ್ಪು ನೀರಿಗೆ ಮಾತ್ರ ಕರಗುತ್ತದೆ, ಒಣ ಬಟ್ಟೆ ಅದನ್ನು ಅತ್ತಿತ್ತ ಬಳಿಯುತ್ತದೆ ಅಷ್ಟೇ. ಕೊನೆಗೆ ಒಣ ಭಾಗದಿಂದ ಒರೆಸಿ. ಎಣ್ಣೆ ಜಾಸ್ತಿ ಇದ್ದರೆ 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿಕೊಂಡು ಒರೆಸಬಹುದು. ನೇರವಾಗಿ ಫೋನಿನ ಮೇಲೆ ಸುರಿಯಬೇಡಿ.

ಲೆನ್ಸಿಗೆ ಅಂಟಿಸುವ ಅಗ್ಗದ ಗಾಜಿನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ನಮ್ಮ ಹವೆಗೆ ಅದು ಬೇಡ. ಎರಡು ಗಾಜಿನ ನಡುವೆ ತೇವ, ದೂಳು ಹೊಕ್ಕು ಕೂರುತ್ತದೆ, ಒರೆಸಲೂ ಆಗುವುದಿಲ್ಲ. ರಾತ್ರಿ ದೀಪದ ಎದುರು ಒಂದು ದೀಪಕ್ಕೆ ಎರಡು ದೀಪ ಕಾಣುತ್ತದೆ. ಫೋಕಸ್ಸಿಗೆ ನೆರವಾಗುವ ಲೇಸರ್ ಕಿಂಡಿಯನ್ನು ಮುಚ್ಚುವ ಗಾಜುಗಳೂ ಇವೆ. ಲೆನ್ಸಿಗಿಂತ ಎತ್ತರದ ಅಂಚಿರುವ ಕವರ್ ಹಾಕಿದರೆ ರಕ್ಷಣೆಗೆ ಅದೇ ಸಾಕು.

ಒಳಗೆ ಮಂಜು ಕೂತರೆ

ಎಸಿ ಕಾರಿನಿಂದ ಇಳಿದ ತಕ್ಷಣ ತೀರದ ಬಿಸಿ ಗಾಳಿಯಲ್ಲಿ ಫೋನ್ ತೆಗೆದರೆ ಲೆನ್ಸ್ ಮಂಜಾಗುತ್ತದೆ. ತಣ್ಣಗಿನ ಗಾಜಿಗೆ ಗಾಳಿಯ ತೇವ ತಗುಲಿ ನೀರಾಗುತ್ತದೆ. ಹೊರಗಿನ ಮಂಜಾದರೆ ಒರೆಸಿದರೆ ಹೋಗುತ್ತದೆ, ಫೋನ್ ಬೆಚ್ಚಗಾದ ಮೇಲೆ ಮತ್ತೆ ಬರುವುದಿಲ್ಲ.

ಒರೆಸಿದರೂ ಹೋಗದೆ, ಬದಿಯಿಂದ ಬೆಳಕು ಬಿಟ್ಟು ನೋಡಿದಾಗ ಗಾಜಿನ ಹಿಂದೆ ಹನಿ ಕಂಡರೆ ತೇವ ಒಳಗೆ ಹೋಗಿದೆ. ಫೋನ್ ಆಫ್ ಮಾಡಿ. ಚಾರ್ಜಿಗೆ ಹಾಕಬೇಡಿ. ಸಿಮ್ ಟ್ರೇ ಹೊರಗೆ ಎಳೆದು ಫ್ಯಾನ್ ಗಾಳಿಗೆ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳಿದ್ದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅವುಗಳ ಜೊತೆ ಒಂದೆರಡು ದಿನ ಇಡುವುದು ಇನ್ನೂ ಒಳ್ಳೆಯದು. ಅಕ್ಕಿ ಡಬ್ಬಿ ಬೇಡ. ಅಕ್ಕಿಯ ಹುಡಿ ಕಿಂಡಿಗಳಿಗೆ ಹೋಗುತ್ತದೆ. ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಅಕ್ಕಿಗೆ ಹಾಕಬೇಡಿ ಅಂದಿದೆ. ಬಚ್ಚಲ ಒಲೆಯ ಹತ್ತಿರ, ಅಡಿಕೆ ಒಣಗಿಸುವ ಡ್ರೈಯರಿನ ಹತ್ತಿರ ಇಡುವವರಿದ್ದಾರೆ. ದಯವಿಟ್ಟು ಬೇಡ. ಶಾಖಕ್ಕೆ ಒಳಗಿನ ಅಂಟು ಸಡಿಲವಾಗುತ್ತದೆ, ಬ್ಯಾಟರಿಗೂ ಅಪಾಯ.

'ಇದು ವಾಟರ್‌ಪ್ರೂಫ್ ಫೋನ್, ಐಪಿ68' ಅನ್ನುವವರಿಗೆ ಒಂದು ಮಾತು. ಐಪಿ68 ಅಂದರೆ ದೂಳು, ನೀರು ತಡೆಯುವ ಶಕ್ತಿಗೆ ಪರೀಕ್ಷೆ ಮಾಡಿ ಕೊಡುವ ದರ್ಜೆ, ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಗೋಕರ್ಣದ ಓಂ ಬೀಚಿನ ಅಲೆಗೆ, ಮೂರು ಮಳೆಗಾಲ ಕಂಡ ರಬ್ಬರಿಗೆ ಅದು ಭರವಸೆ ಅಲ್ಲ. ಅಂಥ ಫೋನ್ ಸಮುದ್ರದ ನೀರಿಗೆ ಬಿದ್ದರೆ ಸಿಹಿನೀರಿನಲ್ಲಿ ಮೇಲಿಂದ ತೊಳೆದು, ಒರೆಸಿ, ಆಮೇಲೆ ಒಣಗಿಸಿ. ಉಪ್ಪು ಒಳಗೆ ಹೋಗಿದ್ದರೆ ಒಣಗಿದ ಮೇಲೂ ತೇವ ಎಳೆದುಕೊಂಡು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಆಗ ಬಿಚ್ಚಿ ಶುಚಿ ಮಾಡಿಸುವುದೇ ದಾರಿ, ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಹತ್ತಿರದ ಫೋಟೊ: ಎಲೆಚುಕ್ಕೆ ತೋರಿಸಲು ಆಗದ ದುಬಾರಿ ಫೋನ್

ಈ ದೂರು ನಮ್ಮಲ್ಲಿ ವಿಶೇಷ. ಅಡಿಕೆಗೆ ಎಲೆಚುಕ್ಕೆ ರೋಗ ಬಂದ ಮೇಲೆ, ಕೊಳೆ ರೋಗದ ದಿನಗಳಲ್ಲಿ, ಬೆಳೆಗಾರರು ಎಲೆ, ಕಾಯಿಯ ಫೋಟೊ ತೆಗೆದು ತಿಳಿದವರಿಗೆ ಕಳಿಸಿ ಕೇಳುತ್ತಾರೆ. ಫೋಟೊ ಮಸುಕಾದರೆ ಯಾವ ರೋಗ ಅಂತ ಹೇಳುವವರಿಗೂ ಕಷ್ಟ. ಸಿದ್ದಾಪುರ ಕಡೆಯ ಒಬ್ಬ ಹಿರಿಯರು ಅಂಗಡಿಗೆ ಬಂದಿದ್ದರು. ಹೆಬ್ಬೆರಳ ಉಗುರಿನ ಅಂಚಿನಲ್ಲಿ ಇನ್ನೂ ಮೈಲುತುತ್ತದ ನೀಲಿ ಇತ್ತು. ಜೊತೆಗೆ ಒಂದು ಸೋಗೆಯ ಗರಿಯನ್ನೇ ಮಡಚಿ ಚೀಲದಲ್ಲಿ ತಂದಿದ್ದರು.

'ತಮ್ಮಾ, ಹಳೇ ಫೋನಲ್ಲಿ ಚೆಂದ ಬರ್ತಿತ್ತು. ಮಗ ಬೆಂಗಳೂರಿಂದ ಕೊಡಿಸಿದ ಈ ದೊಡ್ಡ ಫೋನಲ್ಲಿ ಚುಕ್ಕೆ ಕಾಣೋದೇ ಇಲ್ಲ.'

'ಹೆಗಡೇರೇ, ಹೇಗೆ ಹಿಡಿತೀರಿ, ಒಮ್ಮೆ ತೋರಿಸಿ ನೋಡ್ವ.'

ಅವರು ಫೋನನ್ನು ಎಲೆಗೆ ನಾಲ್ಕು ಬೆರಳಿನಷ್ಟು ಹತ್ತಿರ ತಂದರು. ತೆರೆಯ ಮೇಲೆ ಹಸಿರು ಒಮ್ಮೆ ಉಬ್ಬಿತು, ಒಮ್ಮೆ ಕುಗ್ಗಿತು, ಮತ್ತೆ ಉಬ್ಬಿತು. ಫೋಕಸ್ ಹುಡುಕಿ ಹುಡುಕಿ ಸೋಲುವುದು ಅಂದರೆ ಇದೇ. ಫೋನಿಗೆ ಏನೂ ಆಗಿರಲಿಲ್ಲ. ದೂರ ಸರಿಸಿ ಒಂದು ಗೇಣು ಬಿಟ್ಟ ಕೂಡಲೇ ಹಳದಿ ಅಂಚಿನ ಕಂದು ಚುಕ್ಕೆಗಳು ಒಂದೊಂದಾಗಿ ಬಿಡಿಸಿಟ್ಟಂತೆ ಕಂಡವು.

ಕಾರಣ ಸರಳ. ಪ್ರತಿ ಲೆನ್ಸಿಗೂ ಇಷ್ಟಕ್ಕಿಂತ ಹತ್ತಿರ ಆಗದು ಅನ್ನುವ ಒಂದು ಮಿತಿ ಇದೆ. ಒಳಗೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಾದಷ್ಟೂ ರಾತ್ರಿಯ ಫೋಟೊ ಚೆನ್ನಾಗುತ್ತದೆ, ಆದರೆ ಸಾಮಾನ್ಯವಾಗಿ ಈ ಮಿತಿಯೂ ದೂರ ಹೋಗುತ್ತದೆ. ಐಫೋನ್ 13 ಪ್ರೊದ ಮುಖ್ಯ ಕ್ಯಾಮೆರಾಕ್ಕೆ ಅದು 15 ಸೆಂಟಿಮೀಟರ್. 14 ಪ್ರೊದಲ್ಲಿ 20, 15 ಪ್ರೊದಲ್ಲಿ 24. ದುಬಾರಿ ಆಂಡ್ರಾಯ್ಡ್ ಫೋನುಗಳಲ್ಲೂ ಇದೇ ದಿಕ್ಕು. ಸಣ್ಣ ಸೆನ್ಸರಿನ ಹಳೆಯ ಅಗ್ಗದ ಫೋನು ಎಲೆಗೆ ಇನ್ನಷ್ಟು ಹತ್ತಿರ ಹೋಗಲು ಬಿಡುತ್ತಿತ್ತು.

ಆದ್ದರಿಂದ ಒಂದು ಗೇಣಿಗಿಂತ ತುಸು ಜಾಸ್ತಿ ದೂರ ಹಿಡಿದು 2x ಒತ್ತಿ. ಎಲೆಯನ್ನು ಗಾಳಿಗೆ ಅಲುಗದಂತೆ ಇನ್ನೊಂದು ಕೈಯಲ್ಲಿ ಹಿಡಿಯಿರಿ, ಅಥವಾ ಹಾಳೆಯ ಮೇಲೆ ಚಪ್ಪಟೆಯಾಗಿ ಇಡಿ. ಎಲೆ ಓರೆಯಾಗಿದ್ದರೆ ಒಂದು ತುದಿ ಸ್ಪಷ್ಟ ಬಂದು ಇನ್ನೊಂದು ಮಸುಕಾಗುತ್ತದೆ. ಚುಕ್ಕೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ, ಆಮೇಲೆ ಅದು ಅತ್ತಿತ್ತ ಓಡುವುದಿಲ್ಲ. ಕೆಲವು ಫೋನುಗಳು ಹತ್ತಿರ ಹೋದ ಕೂಡಲೇ ತಾವಾಗಿ ವೈಡ್ ಕ್ಯಾಮೆರಾಕ್ಕೆ ಹಾರಿ ಮ್ಯಾಕ್ರೊ, ಅಂದರೆ ತೀರಾ ಹತ್ತಿರದ ಫೋಟೊ, ಮಾಡುತ್ತವೆ. ಚಿತ್ರ ಒಮ್ಮೆ ಜಿಗಿದಂತೆ ಕಾಣುವುದು ಅದಕ್ಕೇ. ಬೇಡವಾದರೆ ಹೂವಿನ ಗುರುತು ಒತ್ತಿ ಆಫ್ ಮಾಡಬಹುದು. ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕ್ಯಾಮೆರಾಕ್ಕೆ ಫೋಕಸ್ ಮೋಟಾರು ಇರುವುದಿಲ್ಲ, ಹೆಚ್ಚಾಗಿ 4 ಸೆಂಟಿಮೀಟರ್ ದೂರಕ್ಕೆ ಕೂರಿಸಿರುತ್ತಾರೆ. ಅಲ್ಲಿ ಬೆರಳು ಒತ್ತಿ ಪ್ರಯೋಜನ ಇಲ್ಲ. ಫೋನನ್ನೇ ಮೆಲ್ಲಗೆ ಹಿಂದೆ ಮುಂದೆ ಮಾಡಬೇಕು.

ಬೇಡರ ವೇಷ, ಯಕ್ಷಗಾನ: ರಾತ್ರಿಯ ಕುಣಿತ

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಹೋಳಿಗೆ ಬೇಡರ ವೇಷ ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ ಕಟ್ಟಿಕೊಂಡು, ತಮಟೆಯ ಪೆಟ್ಟಿಗೆ ಮೈಮೇಲೆ ಬಂದವರಂತೆ ಕುಣಿಯುತ್ತಾರೆ. ಮರುದಿನ ಎಲ್ಲರ ಫೋನಿನಲ್ಲೂ ಕೆಂಪು ಬಣ್ಣದ ಒಂದು ಗೆರೆ, ಮುಖ ಎಲ್ಲಿದೆ ಅಂತ ಹುಡುಕಬೇಕು. ಇಲ್ಲಿ ಕ್ಯಾಮೆರಾ ತಪ್ಪಿಲ್ಲ.

ಬೆಳಕು ಕಡಿಮೆಯಾದಾಗ ಫೋನ್ ಸೆನ್ಸರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. 1/15 ಸೆಕೆಂಡ್ ಅಂದುಕೊಳ್ಳಿ. ಕುಣಿಯುವವರ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬೀಸಿದರೆ ಅಷ್ಟರಲ್ಲಿ 13 ಸೆಂಟಿಮೀಟರ್ ಸರಿದಿರುತ್ತದೆ. ಫೋಟೊದಲ್ಲಿ ಅಷ್ಟೂ ಉದ್ದಕ್ಕೆ ಬಳಿದಿರುತ್ತದೆ. ಅದೇ 1/250 ಸೆಕೆಂಡ್ ಇಟ್ಟರೆ ಸರಿಯುವುದು 8 ಮಿಲಿಮೀಟರ್. ಒಐಎಸ್ ಇದೆಯಲ್ಲ ಅನ್ನುತ್ತಾರೆ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಎದುರಿನವರ ಕುಣಿತವನ್ನಲ್ಲ. ನೈಟ್ ಮೋಡ್ ಇನ್ನೂ ಕಷ್ಟ, ಹಲವು ಫೋಟೊ ತೆಗೆದು ಒಂದರ ಮೇಲೊಂದು ಕೂಡಿಸುವ ಪದ್ಧತಿ ಅದು. ನಿಂತ ದೇವಸ್ಥಾನಕ್ಕೆ ಚೆಂದ, ಕುಣಿಯುವವರಿಗೆ ಅಲ್ಲ.

ಹಾಗಾಗಿ ನೈಟ್ ಮೋಡ್ ಆಫ್ ಮಾಡಿ, 1x ಕ್ಯಾಮೆರಾದಲ್ಲೇ ಇರಿ, ಜೂಮ್ ಬದಲು ಹತ್ತಿರ ಹೋಗಿ. ಎಲ್ಲವನ್ನೂ ಕೈಯಲ್ಲೇ ಹೊಂದಿಸುವ ಪ್ರೊ ಮೋಡ್ ಇದ್ದರೆ ಶಟರನ್ನು, ಅಂದರೆ ಸೆನ್ಸರ್ ತೆರೆದಿಡುವ ಹೊತ್ತನ್ನು, 1/125 ಅಥವಾ 1/250ಕ್ಕೆ ಇಟ್ಟು ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) ಆಟೊದಲ್ಲಿ ಬಿಡಿ. ಚೂರು ಕಾಳು ಕಾಳು ಬಂದರೂ ಮುಖ ಉಳಿಯುತ್ತದೆ. ಫ್ಲ್ಯಾಶ್ ಎರಡು ಮೂರು ಮೀಟರಿನಾಚೆ ತಲುಪುವುದಿಲ್ಲ, ಕಲಾವಿದರ ಕಣ್ಣಿಗೂ ತೊಂದರೆ.

ಯಕ್ಷಗಾನದಲ್ಲಿ ಇನ್ನೊಂದು ಅನುಕೂಲ ಇದೆ. ಧಿಗಿಣ ಹಾಕುವಾಗ, ಮಂಡಿ ಕುಣಿಯುವಾಗ ತೆಗೆಯಲು ಹೋಗಬೇಡಿ. ಭಾಗವತರ ಪದ್ಯ ಮುಗಿದು ವೇಷಧಾರಿ ಅರ್ಥಕ್ಕೆ ನಿಲ್ಲುತ್ತಾರಲ್ಲ, ಆ ಕ್ಷಣ ಕಾಯಿರಿ. ಮೈ ನಿಂತಿರುತ್ತದೆ, ಮುಖದಲ್ಲಿ ಭಾವ ತುಂಬಿರುತ್ತದೆ. ಕಿರೀಟದ ಅಂಚಿನ ಹೊಳಪಿನ ಮೇಲೆ ಬೆರಳಿಟ್ಟರೆ ಫೋಕಸ್ ತಟ್ಟನೆ ಕೂರುತ್ತದೆ. ಕತ್ತಲಲ್ಲಿ ಫೋನಿಗೆ ಬೇಕಾದ್ದು ಹೀಗೆ ಕಪ್ಪು ಬಿಳುಪು ಎದ್ದು ಕಾಣುವ ಒಂದು ಜಾಗ.

ಫೋಕಸ್ ಹುಡುಕುತ್ತಲೇ ಇದ್ದರೆ

ಫೋನ್ ಫೋಕಸ್ ಮಾಡುವ ಬಗೆ ಚೂರು ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಲೆನ್ಸಿನ ಎಡ ಬಲ ಬದಿಯಿಂದ ಬಂದ ಚಿತ್ರಗಳನ್ನು ತಾಳೆ ನೋಡಿ, ಯಾವ ಕಡೆ ಎಷ್ಟು ಸರಿಯಬೇಕು ಎಂದು ಲೆಕ್ಕ ಹಾಕುತ್ತದೆ. ಒಂದು ಪುಟ್ಟ ಸುರುಳಿ ಮತ್ತು ಅಯಸ್ಕಾಂತ ಸೇರಿ ಲೆನ್ಸನ್ನು ಮಿಲಿಮೀಟರಿಗಿಂತ ಕಡಿಮೆ ಸರಿಸುತ್ತವೆ. ಚಿತ್ರದಲ್ಲಿ ಗೆರೆ, ಅಂಚು ಇಲ್ಲದಿದ್ದರೆ ತಾಳೆ ನೋಡಲು ಏನೂ ಸಿಗುವುದಿಲ್ಲ. ಸುಣ್ಣ ಬಳಿದ ಗೋಡೆ, ಮೋಡ ಮುಚ್ಚಿದ ಆಕಾಶ, ಜಡಿಮಳೆಯ ಸಮುದ್ರ, ಎಲ್ಲದರಲ್ಲೂ ಅದೇ ಕಷ್ಟ.

ಉಂಚಳ್ಳಿ ಜಲಪಾತದ ಎದುರು ನಿಂತರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುವ ಜಾಗ. ಮಳೆಗಾಲದಲ್ಲಿ ಕಣಿವೆ ತುಂಬ ಬೆಳ್ಳಗೆ ಮಂಜು, ಎದುರಿಗೆ ಕಬ್ಬಿಣದ ಬೇಲಿ. ಫೋನ್ ಬೇಲಿಯ ಮೇಲೆ ಫೋಕಸ್ ಮಾಡಿ ಕೂರುತ್ತದೆ, ಏಕೆಂದರೆ ಅಲ್ಲಿ ಅಂಚು ಸ್ಪಷ್ಟ. ಬೇಲಿಯ ಕಿಂಡಿಗೆ ಲೆನ್ಸ್ ತಾಗಿಸಿ ಹಿಡಿಯಿರಿ. ನೀರು ಬೀಳುವ ಕಡೆ ಅಲ್ಲ, ಅದರ ಬದಿಯ ಕಪ್ಪು ಬಂಡೆ ಮತ್ತು ನೀರು ಸೇರುವ ಗೆರೆಯ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ. ಪ್ರೊ ಮೋಡ್‌ನಲ್ಲಿ ಫೋಕಸ್ಸನ್ನು ಕೈಯಲ್ಲೇ ಪರ್ವತದ ಗುರುತಿನ ತುದಿಗೆ ಎಳೆದರೆ ಇನ್ನೂ ಸಲೀಸು.

ಬಸ್ಸು, ಕೊಂಕಣ ರೈಲಿನ ಕಿಟಕಿ ಗಾಜಿನ ಮೂಲಕ ತೆಗೆಯುವಾಗಲೂ ಇದೇ ಗೋಳು. ಲೇಸರ್ ಫೋಕಸ್ ಇರುವ ಫೋನು ಬಿಡುವ, ನಮ್ಮ ಕಣ್ಣಿಗೆ ಕಾಣದ ಬೆಳಕು ಗಾಜಿಗೇ ಬಡಿದು ವಾಪಸ್ ಬರಬಹುದು. ಫೋನ್ ಗಾಜಿಗೆ ಅಂಟಿಸಿ ಹಿಡಿಯಿರಿ, ಫೋಕಸ್ಸನ್ನು ದೂರಕ್ಕೆ ಲಾಕ್ ಮಾಡಿ.

ಅಯಸ್ಕಾಂತ ಮತ್ತು ಬೈಕಿನ ಹ್ಯಾಂಡಲ್

ಲೆನ್ಸ್ ಸರಿಸುವುದು ಅಯಸ್ಕಾಂತ ಎಂದೆನಲ್ಲ, ಹೊರಗಿನ ಅಯಸ್ಕಾಂತವೂ ಅದನ್ನು ಎಳೆಯುತ್ತದೆ. ಅಯಸ್ಕಾಂತದಿಂದ ಮುಚ್ಚುವ ಪರ್ಸಿನಂಥ ಕವರು, ಬೆನ್ನಿಗೆ ಅಂಟಿಸುವ ಲೋಹದ ತಟ್ಟೆ, ಉಂಗುರ, ಇವನ್ನೆಲ್ಲ ತೆಗೆದು ಕ್ಯಾಲೆಂಡರ್ ಪರೀಕ್ಷೆ ಇನ್ನೊಮ್ಮೆ ಮಾಡಿ. ತೆಗೆದ ಕೂಡಲೇ ಸರಿಯಾದರೆ ಕವರ್ ಬದಲಿಸಿದರೆ ಆಯಿತು.

ಬೈಕಿನ ವಿಷಯ ಹಾಗಲ್ಲ. 2021ರಲ್ಲಿ ಆಪಲ್ ಒಂದು ಎಚ್ಚರಿಕೆ ಕೊಟ್ಟಿತು: ದೊಡ್ಡ ಎಂಜಿನ್ನಿನ ಬೈಕಿನ ಹ್ಯಾಂಡಲ್ಲಿಗೆ ನೇರವಾಗಿ ಫೋನ್ ಕಟ್ಟಿದರೆ ಆ ಕಂಪನಕ್ಕೆ ಒಐಎಸ್, ಆಟೊಫೋಕಸ್ ಹಾಳಾಗಬಹುದು ಅಂತ. ಇದು ಒಂದೇ ಕಂಪನಿಯ ಫೋನಿಗೆ ಸೀಮಿತವಾದ ಮಾತಲ್ಲ, ಒಳಗಿನ ರಚನೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ದೇವಿಮನೆ ಘಟ್ಟ ಇಳಿದು ಕುಮಟೆಗೆ ದಿನಾ ಓಡಾಡುವವರು, ಮ್ಯಾಪ್ ನೋಡಲೇಬೇಕಾದ ಡೆಲಿವರಿ ಹುಡುಗರು, ಕಂಪನ ತಡೆಯುವ ರಬ್ಬರಿನ ಮೌಂಟ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಫೋನ್ ಜೇಬಲ್ಲಿರಲಿ, ದಾರಿ ಕಿವಿಯಲ್ಲಿ ಕೇಳಲಿ.

ಸಾಫ್ಟ್‌ವೇರ್

ಇದಕ್ಕೆ ಜಾಸ್ತಿ ಹೊತ್ತು ಬೇಡ. ಫೋನ್ ರೀಸ್ಟಾರ್ಟ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾ ಆ್ಯಪ್ ಫೋರ್ಸ್ ಸ್ಟಾಪ್ ಮಾಡಿ, ಕ್ಯಾಶ್ ಅಳಿಸಿ. ಬೇರೊಂದು ಕ್ಯಾಮೆರಾ ಆ್ಯಪ್ ಹಾಕಿ ಅದೇ ಕ್ಯಾಲೆಂಡರ್ ತೆಗೆಯಿರಿ. ಅದರಲ್ಲಿ ಸರಿ ಬಂದರೆ ತಪ್ಪು ಆ್ಯಪಿನದ್ದು. ಅಪ್‌ಡೇಟ್ ಬಾಕಿ ಇದ್ದರೆ ಹಾಕಿ. ಮುಖ ಮಾತ್ರ ನುಣ್ಣಗೆ, ಮಸುಕು ಬರುತ್ತಿದ್ದರೆ ಬ್ಯೂಟಿ ಮೋಡ್ ಸೊನ್ನೆಗೆ ಇಳಿಸಿ. ಫ್ಯಾಕ್ಟರಿ ರೀಸೆಟ್‌ವರೆಗೆ ಹೋಗುವುದು ಎಲ್ಲ ಮುಗಿದ ಮೇಲೆ, ಬ್ಯಾಕಪ್ ಇಟ್ಟುಕೊಂಡೇ.

ನನ್ನ ಫೋನಲ್ಲಿ ಚೆಂದ ಇದೆ, ಅಣ್ಣನ ಫೋನಿಗೆ ಹೋದಾಗ ಮಸುಕು ಅನ್ನುವವರು ಕ್ಯಾಮೆರಾ ಮುಟ್ಟಬೇಡಿ. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. 2023ರಿಂದ ಅದರಲ್ಲಿ ಎಚ್‌ಡಿ ಆಯ್ಕೆ ಇದೆ. ಎಲೆಚುಕ್ಕೆಯಂಥ ಫೋಟೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ತಲುಪುತ್ತದೆ.

ನಿಜಕ್ಕೂ ಕ್ಯಾಮೆರಾ ಹೋಗಿದ್ದರೆ

ಗುರುತುಗಳು ಇವು. ಕ್ಯಾಮೆರಾ ತೆರೆದ ಕೂಡಲೇ ಒಳಗಿಂದ ಟಕಟಕ ಅಥವಾ ಗುಂಯ್ ಸದ್ದು. ಫೋನ್ ಅಲುಗದಿದ್ದರೂ ತೆರೆಯ ಮೇಲೆ ಚಿತ್ರ ನೀರಿನ ಹಾಗೆ ತುಳುಕುವುದು. ಫೋನನ್ನು ನೆಲದ ಕಡೆ ಮಾಡಿದಾಗ ಫೋಕಸ್ ಬಂದು, ಎತ್ತಿ ಹಿಡಿದಾಗ ಹೋಗುವುದು. ಇದು ಲೆನ್ಸ್ ತನ್ನ ಭಾರಕ್ಕೇ ಜಾರುತ್ತಿರುವ ಸೂಚನೆ. ಫೋನ್ ಅಲುಗಿಸಿದಾಗ ಸಣ್ಣಗೆ ಕಟಕಟ ಅಂದರೆ ಮಾತ್ರ ಹೆದರಬೇಡಿ, ಒಐಎಸ್ ಇರುವ ಫೋನಿನಲ್ಲಿ ಅದು ಸಹಜ.

ಅಂಗಡಿಗೆ ಹೋದಾಗ ಮೊದಲು ಕೇಳಬೇಕಾದ ಪ್ರಶ್ನೆ: ಹೊರಗಿನ ಗಾಜು ಹೋಗಿದೆಯೋ, ಒಳಗಿನ ಮಾಡ್ಯೂಲೋ (ಲೆನ್ಸ್, ಸೆನ್ಸರ್ ಸೇರಿದ ಇಡೀ ಕ್ಯಾಮೆರಾ)? ಗಾಜು ಮಾತ್ರ ಗೀರು ಬಿದ್ದಿದ್ದರೆ ಅದನ್ನಷ್ಟೇ ಬದಲಿಸಬಹುದು, ಖರ್ಚು ತುಂಬಾ ಕಡಿಮೆ. ಬೇರೊಂದು ಊರಿನಲ್ಲಿ ಇಡೀ ಮಾಡ್ಯೂಲ್ ಹಾಕಿಸಿಕೊಂಡು, ಆದರೂ ಮಸುಕು ಹೋಗದೆ ನನ್ನಲ್ಲಿಗೆ ಬಂದ ಹೆಣ್ಣುಮಗಳೊಬ್ಬಳ ಫೋನಿನಲ್ಲಿ ಹೊಸ ಕ್ಯಾಮೆರಾದ ಮೇಲೆ ಅದೇ ಗೀರಿದ ಗಾಜು ಕೂತಿತ್ತು. ಅವಳು ಹೊಲಿಗೆಯಲ್ಲಿ ದುಡಿದ ದುಡ್ಡು ಅದು. ನನಗೆ ಇವತ್ತಿಗೂ ಬೇಜಾರು.

ಬದಲಿಸುವುದೇ ಆದರೆ ಕಂಪನಿಯ ಭಾಗವೋ, ಬೇರೆ ಫೋನಿನಿಂದ ತೆಗೆದದ್ದೋ, ನಕಲೋ ಎಂದು ನೇರವಾಗಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ ಕ್ಯಾಮೆರಾ ಬದಲಾಗಿದ್ದರೆ ಸೆಟ್ಟಿಂಗ್ಸ್‌ನಲ್ಲೇ ತೋರಿಸುತ್ತದೆ. ವಾರಂಟಿ ಇರುವ ಫೋನನ್ನು ಮೊದಲು ಕಂಪನಿಯ ಸರ್ವೀಸ್ ಸೆಂಟರಿಗೇ ಒಯ್ಯಿರಿ, ನಮ್ಮಂಥವರು ಬಿಚ್ಚಿದ ಮೇಲೆ ಅವರು ಒಪ್ಪದಿರಬಹುದು. ಕೊಡುವ ಮೊದಲು ಫೋಟೊಗಳ ಬ್ಯಾಕಪ್ ತೆಗೆದುಕೊಳ್ಳಿ.

ವಾಪಸ್ ಸಿಕ್ಕಾಗ ಅಲ್ಲೇ ನಿಂತು ಎಲ್ಲ ಕ್ಯಾಮೆರಾಗಳಲ್ಲೂ ಹತ್ತಿರದ್ದು, ದೂರದ್ದು ತೆಗೆದು ನೋಡಿ. ಒಂದು ವಿಡಿಯೊ ಮಾಡುತ್ತಾ ನಡೆದು ನೋಡಿ. ನೀರು ತಡೆಯುವ ಅಂಟನ್ನು ಹೊಸದಾಗಿ ಹಾಕಿದ್ದಾರೋ ಎಂದು ಕೇಳಿ. ಹಾಕಿದರೂ ಒಮ್ಮೆ ಬಿಚ್ಚಿದ ಫೋನ್ ಮೊದಲಿನಷ್ಟು ನೀರು ತಡೆಯುತ್ತದೆ ಎಂದು ಯಾರೂ ಖಾತ್ರಿ ಕೊಡಲು ಬರುವುದಿಲ್ಲ. ಮಳೆಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಹಾಕಿಕೊಂಡು ಓಡಾಡಿ, ಮನೆಗೆ ಬಂದ ಮೇಲೆ ಕೊಟ್ಟೆಯಿಂದ ಹೊರಗೆ ತೆಗೆದಿಡಿ.